ಗುಜರಿಯಲ್ಲಿ ಸಿಕ್ಕ ಮೋಟಾರ್ ನಮ್ಮ ಕಾರಿಗೆ ಹೊಂದುತ್ತದೆಯೇ?

ಬಳಸಿದ ಎಲೆಕ್ಟ್ರಿಕ್ ಕಾರಿನ ಡ್ರೈವ್ ಯೂನಿಟ್ (ಮೋಟಾರ್ ಮತ್ತು ಗೇರ್‌ಗಳ ಜೋಡಣೆ) ಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವುದು ಎಷ್ಟು ಕಿಲೋವ್ಯಾಟ್, ಎಷ್ಟು ಕಿಲೋಮೀಟರ್ ಓಡಿದೆ, ಕೊನೆಯ ಬೆಲೆ ಎಷ್ಟು ಎಂದು. ಈ ಪ್ರಶ್ನೆಗಳಿಗೆಲ್ಲ ಸಮಾಧಾನಕರವಾದ ಉತ್ತರ ಸಿಕ್ಕಿದ ಮೇಲೂ, ಮನೆಗೆ ತಂದ ಯೂನಿಟ್ ಒಂದೇ ಒಂದು ಸುತ್ತು ತಿರುಗದೆ ಮೂಲೆಯಲ್ಲಿ ಕುಳಿತಿರುವುದನ್ನು ನಾನು ಬೇರೆಯವರ ಶೆಡ್ಡುಗಳಲ್ಲಿ ಕಂಡಿದ್ದೇನೆ. ಕಳೆದ ಮಳೆಗಾಲದ ಆರಂಭದಿಂದ ಈ ವರ್ಷದ ಬೇಸಗೆಯವರೆಗೆ ಬೈಕಂಪಾಡಿಯ ನಮ್ಮ ಸಣ್ಣ ವರ್ಕ್‌ಶಾಪಿಗಾಗಿ ಇಂತಹದೊಂದು ಯೂನಿಟ್ಟನ್ನು ಹುಡುಕಿ, ಪರೀಕ್ಷಿಸಿ, ಕೊಂಡು, ಮೇಜಿನ ಮೇಲೆ ತಿರುಗಿಸಿದ ಬಗೆಯನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಕರಾವಳಿಯ ಗ್ಯಾರೇಜುಗಳಲ್ಲಿ ಈ ಕೆಲಸಕ್ಕೆ ಕೈಹಾಕುವವರ ಸಂಖ್ಯೆ ಹೆಚ್ಚುತ್ತಿದೆ. ಅವರ ಹಣ ಮತ್ತು ಶ್ರಮ ವ್ಯರ್ಥವಾಗಬಾರದೆಂಬುದೇ ಇದನ್ನು ಬರೆಯಲು ಕಾರಣ.

ಕೆಲಸದ ಉದ್ದೇಶವನ್ನು ಮೊದಲೇ ಹೇಳಿಬಿಡಬೇಕು. ಹಿರಿಯಡ್ಕದ ಸಮೀಪ ಅಡಿಕೆ ಮತ್ತು ತೆಂಗಿನ ತೋಟವಿರುವ ಸ್ನೇಹಿತರೊಬ್ಬರಿಗೆ ತೋಟದೊಳಗೆ ಕಾಯಿ, ಗೊಬ್ಬರ, ಪೈಪು ಸಾಗಿಸಲು ಒಂದು ವಾಹನ ಬೇಕಿತ್ತು. ನಮಗೆ ಹೈ ವೋಲ್ಟೇಜ್ ವ್ಯವಸ್ಥೆಯ ಮೇಲೆ ಕೈಪಳಗಬೇಕಿತ್ತು. ವಾಹನ ಸಾರ್ವಜನಿಕ ರಸ್ತೆಗೆ ಇಳಿಯುವುದಿಲ್ಲವೆಂದು ಮೊದಲೇ ನಿರ್ಧರಿಸಿದ್ದೆವು. ಮೋಟಾರು ವಾಹನ ಕಾಯಿದೆ 1988ರ 52ನೇ ಕಲಮಿನ ಪ್ರಕಾರ ವಾಹನದ ಮೂಲ ನಿರ್ದಿಷ್ಟತೆಗಳನ್ನು ಮನಬಂದಂತೆ ಬದಲಿಸುವಂತಿಲ್ಲ. ಪೆಟ್ರೋಲ್ ಕಾರನ್ನು ಎಲೆಕ್ಟ್ರಿಕ್ ಆಗಿಸುವ ಕಿಟ್‌ಗಳು ಎಐಎಸ್ 123 ಮಾನದಂಡದ ಪ್ರಕಾರ ಅಧಿಕೃತ ಪರೀಕ್ಷಾ ಸಂಸ್ಥೆಯಲ್ಲಿ ಅನುಮೋದನೆ ಪಡೆದಿರಬೇಕು. ಗುಜರಿಯಿಂದ ತಂದ ಯೂನಿಟ್ಟಿಗೆ ಆ ಅನುಮೋದನೆ ಇರುವುದಿಲ್ಲ. ಆದ್ದರಿಂದ ರಸ್ತೆಯಲ್ಲಿ ಓಡಿಸುವ ಯೋಚನೆಯಿರುವವರಿಗೆ ಈ ದಾರಿಯನ್ನು ನಾನು ಸೂಚಿಸುವುದಿಲ್ಲ. ಅದೇ ಮಾದರಿಯ ಕಾರಿಗೆ ಕೆಟ್ಟ ಯೂನಿಟ್ ತೆಗೆದು ಬಳಸಿದ ಯೂನಿಟ್ ಹಾಕುವವರಿಗೆ ಮಾತ್ರ ಮುಂದಿನ ಹೆಚ್ಚಿನ ಮಾತುಗಳು ಹಾಗೆಯೇ ಅನ್ವಯಿಸುತ್ತವೆ.

ಸ್ನೇಹಿತರ ಅಂಗಳದಲ್ಲಿ ಎಂಜಿನ್ ಸತ್ತ ಎರಡು ಗಾಡಿಗಳಿದ್ದವು: ಒಂದು ಮಾರುತಿ ಓಮ್ನಿ, ಇನ್ನೊಂದು ಮಾರುತಿ ಝೆನ್. ಸಾಮಾನು ಹೇರಲು ಓಮ್ನಿಯೇ ಅನುಕೂಲವೆಂದು ಎಲ್ಲರಿಗೂ ತೋರಿತು. ಆದರೆ ಇಂದಿನ ಎಲೆಕ್ಟ್ರಿಕ್ ಕಾರುಗಳ ಡ್ರೈವ್ ಯೂನಿಟ್ ಎಂದರೆ ಮೋಟಾರ್, ಒಂದೇ ಅನುಪಾತದ ಗೇರ್ ಕಡಿತ ಮತ್ತು ಎಡಬಲದ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಶಿಯಲ್ ಸೇರಿಕೊಂಡ ಜೋಡಣೆ. ಅದರ ಎರಡು ಬದಿಗಳಿಂದ ನೇರವಾಗಿ ಚಕ್ರಗಳಿಗೆ ಶಾಫ್ಟ್ ಹೊರಡುತ್ತದೆ. ಓಮ್ನಿಯಲ್ಲಿ ಪ್ರೊಪೆಲ್ಲರ್ ಶಾಫ್ಟ್ ಹಿಂಬದಿಯ ಗಟ್ಟಿ ಆಕ್ಸಲ್ಲಿಗೆ ಹೋಗುತ್ತದೆ, ಡಿಫರೆನ್ಶಿಯಲ್ ಆ ಆಕ್ಸಲ್ಲಿನೊಳಗೇ ಇದೆ. ಅಲ್ಲಿಗೆ ಇಂತಹ ಯೂನಿಟ್ ಹಾಕಬೇಕಾದರೆ ಹಿಂಬದಿಯ ಆಕ್ಸಲ್ಲನ್ನೇ ಕಿತ್ತು ಸ್ವತಂತ್ರ ಸಸ್ಪೆನ್ಷನ್ ಕಟ್ಟಬೇಕು, ಅಥವಾ ಗೇರ್‌ಬಾಕ್ಸ್ ಇಲ್ಲದ ಬರಿಯ ಮೋಟಾರನ್ನು ಹುಡುಕಬೇಕು. ಝೆನ್ ಮುಂಭಾಗದ ಚಕ್ರಗಳಿಗೆ ಶಕ್ತಿ ಕೊಡುವ, ಎಂಜಿನ್ ಅಡ್ಡಲಾಗಿ ಕುಳಿತ ಕಾರು. ಡ್ರೈವ್ ಯೂನಿಟ್ಟಿನ ಆಕಾರಕ್ಕೆ ಅದೇ ಸರಿ. ಹೀಗೆ ವಾಹನದ ಆಯ್ಕೆಯನ್ನು ಯೂನಿಟ್ಟೇ ಮಾಡಿತು.

ಹುಡುಕಾಟಕ್ಕೆ ಮೊದಲು ಓದಿಕೊಂಡದ್ದರಲ್ಲಿ ನನಗೆ ಹೆಚ್ಚು ಉಪಕಾರವಾದದ್ದು ನಿಸ್ಸಾನ್ ಲೀಫ್ ಕಾರಿನ ವಿವರ. ಅದು ನಮ್ಮ ದೇಶದಲ್ಲಿ ಮಾರಾಟಕ್ಕೆ ಬರಲಿಲ್ಲ, ಆದರೂ ಹೊಂದಾಣಿಕೆಯ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 2010ರ ಕೊನೆಯಲ್ಲಿ ಬಂದ ಮೊದಲ ಲೀಫ್‌ನಲ್ಲಿದ್ದ ಮೋಟಾರಿನ ಗುರುತು ಇಎಂ61. 80 ಕಿಲೋವ್ಯಾಟ್, 280 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ಗೇರ್ ಅನುಪಾತ ಸುಮಾರು 7.94. 2013ರ ಮಾದರಿಯಲ್ಲಿ ಅದರ ಜಾಗಕ್ಕೆ ಇಎಂ57 ಬಂತು. ಶಕ್ತಿ ಅದೇ 80 ಕಿಲೋವ್ಯಾಟ್ ಆದರೂ ಟಾರ್ಕ್ 254ಕ್ಕೆ ಇಳಿಯಿತು, ಅನುಪಾತ 8.19 ಆಯಿತು, ಮೊದಲು ದಪ್ಪ ಕೇಬಲ್‌ಗಳ ಮೂಲಕ ಕೂಡಿಕೊಂಡಿದ್ದ ಇನ್ವರ್ಟರ್ (ಬ್ಯಾಟರಿಯ ಡಿಸಿ ವಿದ್ಯುತ್ತನ್ನು ಮೋಟಾರಿಗೆ ಬೇಕಾದ ಎಸಿ ಆಗಿಸುವ ಘಟಕ) ನೇರವಾಗಿ ಮೋಟಾರಿನ ನೆತ್ತಿಯ ಮೇಲೆಯೇ ಕುಳಿತಿತು, ಕಾರಿನ ಹಿಂಭಾಗದಲ್ಲಿದ್ದ ಚಾರ್ಜರ್ ಮುಂದಕ್ಕೆ ಬಂದು ಅದರ ಮೇಲೆ ಸೇರಿಕೊಂಡಿತು. 2018ರ ಹೊತ್ತಿಗೆ ಅದೇ ಇಎಂ57 ಹೆಸರಿನ ಮೋಟಾರ್ ಬೇರೆ ಇನ್ವರ್ಟರಿನೊಂದಿಗೆ 110 ಕಿಲೋವ್ಯಾಟ್ ಕೊಡತೊಡಗಿತು. ಕಾರಿನ ಹೆಸರು ಒಂದೇ, ಮೋಟಾರಿನ ಹೆಸರೂ ಒಂದೇ. ಆದರೂ ಒಂದರ ಇನ್ವರ್ಟರನ್ನು ಇನ್ನೊಂದಕ್ಕೆ ಕಣ್ಣುಮುಚ್ಚಿ ಹಾಕುವಂತಿಲ್ಲ. ಮೋಟಾರಿನ ಶಕ್ತಿಯನ್ನು ನಿರ್ಧರಿಸುವುದರಲ್ಲಿ ತಾಮ್ರ ಮತ್ತು ಕಬ್ಬಿಣದಷ್ಟೇ ಪಾಲು ಇನ್ವರ್ಟರಿನದು, ಬ್ಯಾಟರಿಯದು, ಅವೆರಡನ್ನೂ ಆಳುವ ವೆಹಿಕಲ್ ಕಂಟ್ರೋಲರಿನದು. ಈ ತಿಳಿವಳಿಕೆಯೇ ನಮ್ಮ ಮುಂದಿನ ಎಲ್ಲ ನಿರ್ಧಾರಗಳಿಗೆ ತಳಹದಿಯಾಯಿತು.

ಕರಾವಳಿಯ ಮನೆಗಳಿಗೆ ಕೊಲ್ಲಿಯ ನಂಟು ಇದ್ದೇ ಇರುತ್ತದೆ. ಶಾರ್ಜಾದಲ್ಲಿರುವ ನಮ್ಮ ಬಂಧುವೊಬ್ಬರು ಟೆಸ್ಲಾ ಮಾಡೆಲ್ ಎಸ್ ಕಾರಿನ ಹಿಂಬದಿಯ ದೊಡ್ಡ ಡ್ರೈವ್ ಯೂನಿಟ್ ಒಂದರ ಚಿತ್ರ ಕಳುಹಿಸಿ, ಬೇಕಾದರೆ ಹಡಗಿನಲ್ಲಿ ಹಾಕಿಸುವೆ ಎಂದರು. ಇಂಡಕ್ಷನ್ ಮೋಟಾರ್ (ಶಾಶ್ವತ ಅಯಸ್ಕಾಂತವಿಲ್ಲದ ಬಗೆ), ಇನ್ವರ್ಟರ್, 9.73 ಅನುಪಾತದ ಗೇರ್ ಎಲ್ಲವೂ ಒಂದೇ ದೇಹದಲ್ಲಿರುವ ಬಲಶಾಲಿ ಯೂನಿಟ್ ಅದು. ನಾವು ಬೇಡವೆಂದೆವು. ಬಂಡವಾಳ ಸರಕಲ್ಲದ ಬಳಸಿದ ವಸ್ತುಗಳ ಆಮದು ನಮ್ಮಲ್ಲಿ ನಿರ್ಬಂಧಿತ ವರ್ಗಕ್ಕೆ ಸೇರಿದ್ದು, ಅದಕ್ಕೆ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಅನುಮತಿ ಬೇಕು. ಅದಲ್ಲದೆ, ಆ ಯೂನಿಟ್ಟಿನ ರೋಟರ್, ಅಂದರೆ ತಿರುಗುವ ಭಾಗದ, ಶಾಫ್ಟಿನೊಳಗೆ ಕೂಲೆಂಟ್ ಹರಿಯುತ್ತದೆ; ಅಲ್ಲಿನ ಸೀಲ್ ಸವೆದರೆ ಕೂಲೆಂಟ್ ಮೋಟಾರಿನೊಳಗೆ ಇಳಿಯುತ್ತದೆ ಎಂಬುದು ದುರಸ್ತಿ ಮಾಡುವವರಿಗೆಲ್ಲ ತಿಳಿದ ವಿಷಯ. ಮೂಲ ಕಾರಿನ ಇಮ್ಮೊಬಿಲೈಸರ್ ಎಂಬ ಕಳವು ತಡೆಯುವ ವ್ಯವಸ್ಥೆಯೊಂದಿಗೆ ಅದರ ಇನ್ವರ್ಟರ್ ಕಟ್ಟಿಕೊಂಡಿರುವುದರಿಂದ ಒಳಗಿನ ನಿಯಂತ್ರಣ ಫಲಕವನ್ನೇ ಬದಲಿಸಬೇಕಾಗುತ್ತದೆ. ತೋಟದ ಗಾಡಿಗೆ ಇಷ್ಟೆಲ್ಲ ಯಾಕೆ?

ಊರಿನ ಗುಜರಿಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಬರಿಯ ಮೋಟಾರ್ ಮತ್ತು ಗೇರ್‌ಬಾಕ್ಸ್. ಟಾಟಾ ಟಿಗೋರ್ ಇವಿಯದು ಎಂದರು ಮಾರುವವರು. ಯಾವ ವರ್ಷದ್ದೆಂದು ಅವರಿಗೆ ತಿಳಿದಿರಲಿಲ್ಲ. ಈ ಒಂದು ಹೆಸರಿನ ಹಿಂದೆ ಎರಡು ಬೇರೆ ಬೇರೆ ಲೋಕಗಳಿವೆ. 2019ರ ಸುಮಾರಿಗೆ ಟ್ಯಾಕ್ಸಿಗಳಿಗೆಂದು ಹೆಚ್ಚಾಗಿ ಮಾರಾಟವಾದ ಟಿಗೋರ್ ಇವಿಯಲ್ಲಿದ್ದದ್ದು 72 ವೋಲ್ಟಿನ ವ್ಯವಸ್ಥೆ, 30 ಕಿಲೋವ್ಯಾಟಿನ ಇಂಡಕ್ಷನ್ ಮೋಟಾರ್. 2021ರ ಆಗಸ್ಟ್‌ನಲ್ಲಿ ಬಂದ ಟಿಗೋರ್ ಇವಿಯಲ್ಲಿ ಹೈ ವೋಲ್ಟೇಜ್ ಬ್ಯಾಟರಿ, 55 ಕಿಲೋವ್ಯಾಟಿನ ಶಾಶ್ವತ ಅಯಸ್ಕಾಂತದ ಮೋಟಾರ್. ಯಾವುದೆಂದು ಪತ್ತೆ ಮಾಡಲು ಲೇಬಲ್ ಇಲ್ಲದಿದ್ದರೂ ದಾರಿಯಿದೆ. 30 ಕಿಲೋವ್ಯಾಟನ್ನು 72 ವೋಲ್ಟಿನಿಂದ ಭಾಗಿಸಿದರೆ ಸುಮಾರು 417 ಆಂಪಿಯರ್ ಬರುತ್ತದೆ. ಅದೇ ಶಕ್ತಿಗೆ 320 ವೋಲ್ಟಿನಲ್ಲಿ 94 ಆಂಪಿಯರ್ ಸಾಕು. ಆದ್ದರಿಂದ ಕಡಿಮೆ ವೋಲ್ಟೇಜಿನ ಮೋಟಾರಿನ ಟರ್ಮಿನಲ್‌ಗಳು, ಅವುಗಳ ಬೋಲ್ಟುಗಳು ಕಣ್ಣಿಗೆ ಕಾಣುವಷ್ಟು ದಪ್ಪಗಿರುತ್ತವೆ.

ಇನ್ನೊಂದು ಪರೀಕ್ಷೆಗೆ ಯಾವ ಯಂತ್ರವೂ ಬೇಕಿಲ್ಲ. ಮೂರು ಫೇಸ್ ಟರ್ಮಿನಲ್‌ಗಳನ್ನು (ಮೋಟಾರಿಗೆ ವಿದ್ಯುತ್ ಹೋಗುವ ತುದಿಗಳನ್ನು) ಬಿಡಿಯಾಗಿಟ್ಟು, ಗೇರ್‌ಬಾಕ್ಸಿನ ಒಂದು ಬದಿಯ ಹೊರಶಾಫ್ಟನ್ನು ಅಲುಗದಂತೆ ಹಿಡಿದು ಇನ್ನೊಂದನ್ನು ಕೈಯಿಂದ ತಿರುಗಿಸಿ ನೋಡಬೇಕು, ಬಳಿಕ ಮೂರನ್ನೂ ತಾಮ್ರದ ಪಟ್ಟಿಯಿಂದ ಒಂದಕ್ಕೊಂದು ಬಿಗಿದು ಮತ್ತೆ ತಿರುಗಿಸಬೇಕು. ರೋಟರಿನಲ್ಲಿ ಅಯಸ್ಕಾಂತವಿದ್ದರೆ ಎರಡನೆಯ ಸಲ ಶಾಫ್ಟ್ ಕೈಗೆ ಜಗ್ಗುತ್ತದೆ, ವೇಗ ಹೆಚ್ಚಿಸಿದಷ್ಟೂ ಪ್ರತಿರೋಧ ಹೆಚ್ಚುತ್ತದೆ. ಇಂಡಕ್ಷನ್ ಮೋಟಾರಿನಲ್ಲಿ ಎರಡು ಸಲವೂ ಒಂದೇ ತೆರನಾಗಿ ಹಗುರವಾಗಿರುತ್ತದೆ. ನಮ್ಮ ಮುಂದಿದ್ದದ್ದು ಹಗುರವಾಗಿಯೇ ತಿರುಗಿತು, ಟರ್ಮಿನಲ್‌ಗಳೂ ದಪ್ಪಗಿದ್ದವು. ಅದು ಹಳೆಯ 72 ವೋಲ್ಟಿನ ವ್ಯವಸ್ಥೆಯದೆಂಬುದರಲ್ಲಿ ಸಂದೇಹ ಉಳಿಯಲಿಲ್ಲ. ತೋಟಕ್ಕೆ ಆ ಶಕ್ತಿ ಸಾಲುತ್ತಿತ್ತು, ವೋಲ್ಟೇಜ್ ಕಡಿಮೆಯಿರುವುದರಿಂದ ಅಪಾಯವೂ ಕಡಿಮೆ. ಆದರೆ ಕಂಟ್ರೋಲರ್ ಇರಲಿಲ್ಲ, ವೇಗ ತಿಳಿಸುವ ಸೆನ್ಸರಿನ ತಂತಿಗಳನ್ನು ಮೋಟಾರಿನ ಮೈಗೆ ಹತ್ತಿಕೊಂಡಂತೆಯೇ ಕತ್ತರಿಸಿದ್ದರು. ಅಗ್ಗದ ಬೆಲೆಯ ಅರ್ಧಭಾಗವನ್ನು ಕೊಂಡು ಉಳಿದರ್ಧಕ್ಕೆ ದುಪ್ಪಟ್ಟು ಸುರಿಯುವುದು ನನಗೆ ಸರಿಕಾಣಲಿಲ್ಲ.

ಆ ಬಳಿಕ ನೋಡಿದ್ದು ಶಾಶ್ವತ ಅಯಸ್ಕಾಂತದ ಯೂನಿಟ್, ಇನ್ವರ್ಟರ್ ಸಹಿತ, ಹೊರಗಿನಿಂದ ಹೊಸದರಂತೆ ಹೊಳೆಯುತ್ತಿತ್ತು. ಮಂಗಳೂರಿನಲ್ಲಿ ಜೋರು ಮಳೆ ಬಂದಾಗ ಪಂಪ್‌ವೆಲ್ಲಿನಲ್ಲಿ, ಕೊಟ್ಟಾರ ಚೌಕಿಯಲ್ಲಿ ನೀರು ನಿಲ್ಲುವುದನ್ನು ಬಲ್ಲವರು ಗುಜರಿಯಲ್ಲಿ ಹೊಳೆಯುವ ವಸ್ತುವನ್ನು ಕಂಡರೆ ಮೊದಲು ನೀರಿನ ಗುರುತನ್ನೇ ಹುಡುಕಬೇಕು. ಡ್ರೈವ್ ಯೂನಿಟ್ಟಿಗೆ ಗಾಳಿಯಾಡಲು ಬ್ರೀದರ್ ಇರುತ್ತದೆ. ಓಡಿ ಬಿಸಿಯಾದ ಗೇರ್‌ಬಾಕ್ಸ್ ನೀರಿನಲ್ಲಿ ಮುಳುಗಿದ ಕೂಡಲೇ ತಣ್ಣಗಾಗಿ ಒಳಗಿನ ಗಾಳಿ ಕುಗ್ಗುತ್ತದೆ, ಆಗ ಬ್ರೀದರಿನಿಂದಲೂ ದಣಿದ ಸೀಲ್‌ಗಳಿಂದಲೂ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ಮೇಲ್ಮೈಯನ್ನು ನೀರಿನ ಜೆಟ್ಟಿನಿಂದ ತೊಳೆದು ಹೊಳಪಿಸಬಹುದು, ಒಳಗಿನದನ್ನು ತೊಳೆಯಲಾಗದು. ನಾನು ರಿಸಾಲ್ವರ್ (ರೋಟರಿನ ಕೋನ ತಿಳಿಸುವ ಸೆನ್ಸರ್) ಕನೆಕ್ಟರಿನ ಬೀಗವನ್ನು ಒತ್ತಿ ಎಳೆದೆ. ರಬ್ಬರ್ ಸೀಲಿನ ಒಳಬದಿಯಲ್ಲಿ ಕೂದಲಿನಷ್ಟು ತೆಳುವಾದ ಕೆಂಪು ಮಣ್ಣಿನ ಗೆರೆ ಇತ್ತು, ಆರು ಪಿನ್ನುಗಳಲ್ಲಿ ಎರಡರ ಬುಡದಲ್ಲಿ ಹಸಿರು ಕಿಲುಬು ಹರಳುಗಟ್ಟಿತ್ತು. ಗೇರ್ ಆಯಿಲಿನ ಡ್ರೈನ್ ಪ್ಲಗ್ಗನ್ನು ಅರ್ಧ ಸಡಿಲಿಸಿದಾಗ ಮೊದಲು ಇಳಿದದ್ದು ನೀರು. ಅದರ ಹಿಂದೆ ಹಾಲು ಬೆರೆತಂತಹ ಬಿಳಿಚು ಎಣ್ಣೆ. ಮುಂದೆ ನೋಡಲು ಏನೂ ಉಳಿದಿರಲಿಲ್ಲ.

ಈ ಎರಡು ಯೂನಿಟ್ಟುಗಳನ್ನು ಬಿಟ್ಟ ಮೇಲೆ ನಾವು ನಿಯಮವೊಂದನ್ನು ಹಾಕಿಕೊಂಡೆವು: ಕಾರಿನಿಂದ ಈಗಾಗಲೇ ಬಿಚ್ಚಿಟ್ಟ ಯೂನಿಟ್ಟನ್ನು ನೋಡಲು ಹೋಗುವುದೇ ಬೇಡ, ಬಿಚ್ಚುವ ಮೊದಲು ಕಾರನ್ನೇ ನೋಡಬೇಕು. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕ್ರಿಯೆಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲ. ಕಾರಿನಲ್ಲಿರುವಾಗ ಯೂನಿಟ್ ಮಾತನಾಡುತ್ತದೆ. 12 ವೋಲ್ಟಿನ ಬ್ಯಾಟರಿಯೊಂದನ್ನು ಕೊಟ್ಟರೆ ಅದರ ಕಂಟ್ರೋಲರುಗಳು ಎಚ್ಚರಗೊಳ್ಳುತ್ತವೆ. ಸ್ಟೀರಿಂಗಿನ ಕೆಳಗಿನ ಒಬಿಡಿ ಎಂಬ ದೋಷ ಪತ್ತೆಯ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದರೆ ಇನ್ವರ್ಟರಿನ ಪಾರ್ಟ್ ನಂಬರ್, ತಂತ್ರಾಂಶದ ಆವೃತ್ತಿ, ದೋಷ ಸಂಕೇತಗಳು, ಮೋಟಾರಿನ ಉಷ್ಣಾಂಶ, ಕೆಲವೊಮ್ಮೆ ಇನ್ಸುಲೇಷನ್ ಮಾಪನವೂ ಸಿಗುತ್ತವೆ. ಬಿಚ್ಚಿ ತಂದ ಮರುಕ್ಷಣದಿಂದ ಅದು ಮೂಕವಾಗಿಬಿಡುತ್ತದೆ.

ಅಂತಹ ಕಾರು ಸಿಕ್ಕಿದ್ದು ಬೆಂಗಳೂರಿನ ಹೊರವಲಯದ ಅಂಗಳವೊಂದರಲ್ಲಿ. ಹಿಂದಿನಿಂದ ಲಾರಿ ಗುದ್ದಿದ್ದ, ಮುಂಭಾಗಕ್ಕೆ ಏನೂ ಆಗದಿದ್ದ, ವಿಮೆಯವರು ಪೂರ್ಣ ನಷ್ಟವೆಂದು ಬರೆದುಹಾಕಿದ್ದ ನೆಕ್ಸಾನ್ ಇವಿ ಅದು. ಕಾರಿನ ಹೆಸರು ತಿಳಿದರೆ ಸಾಲದೆಂಬುದಕ್ಕೆ ಇದೂ ಸಾಕ್ಷಿ. 2020ರ ಜನವರಿಯಲ್ಲಿ ಬಂದ ನೆಕ್ಸಾನ್ ಇವಿಯದು 30.2 ಕಿಲೋವ್ಯಾಟ್ ಅವರ್ ಬ್ಯಾಟರಿ, 95 ಕಿಲೋವ್ಯಾಟ್ ಮತ್ತು 245 ನ್ಯೂಟನ್ ಮೀಟರಿನ ಮೋಟಾರ್. 2022ರ ಮ್ಯಾಕ್ಸ್ ಮಾದರಿಯಲ್ಲಿ 40.5 ಕಿಲೋವ್ಯಾಟ್ ಅವರ್ ಮತ್ತು 250 ನ್ಯೂಟನ್ ಮೀಟರ್. 2023ರ ಸೆಪ್ಟೆಂಬರಿನಲ್ಲಿ ರೂಪ ಬದಲಾಯಿಸಿಕೊಂಡ ಕಾರಿನಲ್ಲಿ ಮೋಟಾರೇ ಹೊಸ ತಲೆಮಾರಿನದು, ಟಾರ್ಕ್ 215. ಚಾಸಿಸ್ ಸಂಖ್ಯೆಯ ಹದಿನೇಳು ಅಕ್ಷರಗಳಲ್ಲಿ ಹತ್ತನೆಯದು ಸಾಮಾನ್ಯವಾಗಿ ವರ್ಷವನ್ನು ಸೂಚಿಸುತ್ತದೆ. 2020ಕ್ಕೆ ಎಲ್, 2021ಕ್ಕೆ ಎಂ, 2022ಕ್ಕೆ ಎನ್. ನಮ್ಮ ಕಾರಿನದು ಎಂ. ಆ ಸಂಖ್ಯೆಯನ್ನು, ಮೋಟಾರ್, ಇನ್ವರ್ಟರ್, ವೆಹಿಕಲ್ ಕಂಟ್ರೋಲರ್ ಮತ್ತು ಬ್ಯಾಟರಿಯ ಲೇಬಲ್‌ಗಳನ್ನು, ಪಾರ್ಟ್ ನಂಬರಿನ ಕೊನೆಯಲ್ಲಿರುವ ಒಂಟಿ ಅಕ್ಷರವೂ ಸ್ಪಷ್ಟವಾಗಿ ಕಾಣುವಂತೆ ಚಿತ್ರ ತೆಗೆದುಕೊಂಡೆವು. ಆ ಒಂಟಿ ಅಕ್ಷರವನ್ನು ಅನೇಕರು ಕಡೆಗಣಿಸುತ್ತಾರೆ. ಅದು ಹೆಚ್ಚಾಗಿ ಪರಿಷ್ಕರಣೆಯ ಗುರುತು. ಸೆನ್ಸರೋ ಕನೆಕ್ಟರೋ ಬದಲಾದ ಸುಳಿವು ಅಲ್ಲಿಯೇ ಇರುತ್ತದೆ.

ಎಲ್ಲವನ್ನೂ ಒಂದೇ ಕಾರಿನಿಂದ ಕೊಳ್ಳುತ್ತೇವೆಂದು ಹೇಳಿದಾಗ ಮಾರುವವರಿಗೆ ಆಶ್ಚರ್ಯವಾಯಿತು. ಬ್ಯಾಟರಿಗೆ ಸೌರಶಕ್ತಿ ಸಂಗ್ರಹದವರಿಂದ ಬೇಡಿಕೆಯಿರುವುದರಿಂದ ಅದನ್ನು ಬೇರೆಯಾಗಿ ಮಾರುವುದು ಅವರ ವಾಡಿಕೆ. ನಾವು ಪಟ್ಟುಹಿಡಿಯಲು ಕಾರಣವಿತ್ತು. ಇನ್ವರ್ಟರ್ ತಾನಾಗಿ ಮೋಟಾರನ್ನು ತಿರುಗಿಸುವುದಿಲ್ಲ. ಕ್ಯಾನ್ ಎಂಬ ಎರಡು ತಂತಿಯ ಜಾಲದ ಮೂಲಕ ವೆಹಿಕಲ್ ಕಂಟ್ರೋಲರ್ ಕಳುಹಿಸುವ ಆಜ್ಞೆಗೆ ಕಾಯುತ್ತದೆ. ಲೀಫ್‌ನಲ್ಲಿ ಟಾರ್ಕಿನ ಆಜ್ಞೆ ಪ್ರತಿ 10 ಮಿಲಿಸೆಕೆಂಡಿಗೊಮ್ಮೆ, ಸರದಿ ಸಂಖ್ಯೆ ಮತ್ತು ತಾಳೆ ನೋಡುವ ಸಂಕೇತದೊಂದಿಗೆ ಹೋಗಬೇಕು. ಅದು ತಪ್ಪಿದರೆ ಇನ್ವರ್ಟರ್ ಟಾರ್ಕನ್ನು ಸೊನ್ನೆಗಿಳಿಸುತ್ತದೆ. ವೆಹಿಕಲ್ ಕಂಟ್ರೋಲರಾದರೋ ಬ್ಯಾಟರಿಯ ಮೇಲೆ ನಿಗಾ ಇಡುವ ಬಿಎಂಎಸ್ ಘಟಕ, ಬ್ರೇಕ್ ಸ್ವಿಚ್, ಆಕ್ಸಿಲರೇಟರ್ ಪೆಡಲ್, ಬೀಗದ ಕೈಯ ಘಟಕ ಇವೆಲ್ಲವೂ ಸರಿಯಿವೆಯೆಂದು ಹೇಳಿದ ಮೇಲೆಯೇ ಆಜ್ಞೆ ಕೊಡುತ್ತದೆ. ಕುಂಬಳೆಯಿಂದ ಒಬ್ಬ ಭಾಗವತ, ಕೋಟದಿಂದ ಒಬ್ಬ ಮದ್ದಳೆಗಾರ, ಕಟೀಲಿನಿಂದ ವೇಷಧಾರಿಗಳು ಬಂದು ಪ್ರಸಂಗವನ್ನೇ ಮಾತಾಡಿಕೊಳ್ಳದೆ ರಂಗಕ್ಕೆ ಬಂದಂತೆ, ಬೇರೆ ಬೇರೆ ಕಾರುಗಳಿಂದ ತಂದ ಭಾಗಗಳು ಒಂದೊಂದೂ ಸರಿಯಿದ್ದೂ ಕೂಡಿ ಕೆಲಸ ಮಾಡುವುದಿಲ್ಲ. ಮೂಲ ಕಂಟ್ರೋಲರನ್ನು ಬಿಟ್ಟು ಮುಕ್ತ ವಿನ್ಯಾಸದ ನಿಯಂತ್ರಣ ಫಲಕವನ್ನು ಹಾಕಿ ಓಡಿಸುವ ದಾರಿ ಇದೆ; ಲೀಫ್‌ನಂತೆ ಸಂದೇಶಗಳನ್ನು ಬಿಡಿಸಿ ಓದಿರುವ ಯೂನಿಟ್ಟುಗಳಿಗೆ ಅದು ಒಳ್ಳೆಯ ದಾರಿಯೇ. ನಮ್ಮಂತಹ ಸಣ್ಣ ವರ್ಕ್‌ಶಾಪಿಗೆ ಇಡೀ ಮೇಳವನ್ನೇ ಕರೆತರುವುದು ಕ್ಷೇಮ.

ಸ್ಕ್ಯಾನರಿನಲ್ಲಿ ಕಂಡ ಮುಖ್ಯ ದೋಷ ಅಪಘಾತದ್ದೇ. ಗುದ್ದಿದ ಸಂಕೇತ ಬಂದಾಗ ಕಾರು ಬ್ಯಾಟರಿಯ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚುಗಳನ್ನು ತೆರೆದು ಹೈ ವೋಲ್ಟೇಜನ್ನು ಕಡಿದುಹಾಕುತ್ತದೆ, ಆ ಘಟನೆಯನ್ನು ನೆನಪಿಟ್ಟುಕೊಳ್ಳುತ್ತದೆ. ಆ ನೆನಪನ್ನು ಅಳಿಸುವ ತನಕ ಯೂನಿಟ್ ಎಷ್ಟೇ ಆರೋಗ್ಯವಾಗಿದ್ದರೂ ಕಾರು ಸಿದ್ಧವಾಗದು. ಅಳಿಸಬಲ್ಲ ಸ್ಕ್ಯಾನರ್ ಇರುವ ತಂತ್ರಜ್ಞರೊಬ್ಬರನ್ನು ಅಂಗಳಕ್ಕೇ ಕರೆಸಿ, ಕಾರನ್ನು ಜಾಕ್ ಮೇಲೆ ನಿಲ್ಲಿಸಿ, ಮುಂಭಾಗದ ಚಕ್ರಗಳು ಗಾಳಿಯಲ್ಲಿ ನಿಧಾನವಾಗಿ ಎರಡೂ ದಿಕ್ಕಿಗೆ ತಿರುಗಿದ್ದನ್ನು ನೋಡಿದ ಮೇಲೆ ಮುಂಗಡ ಕೊಟ್ಟೆವು. ಉಳಿದ ಹಣ ನಮ್ಮ ವರ್ಕ್‌ಶಾಪಿನ ಪರೀಕ್ಷೆಯ ಬಳಿಕ ಎಂದು ಬರೆದುಕೊಂಡೆವು. ಜಿಎಸ್‌ಟಿ ಬಿಲ್ಲಿನಲ್ಲಿ ಚಾಸಿಸ್ ಸಂಖ್ಯೆ ನಮೂದಾಗಲೇಬೇಕೆಂದು ಹೇಳಿದೆವು. ಕಳವಿನ ಮಾಲು ಯಾವ ಗುಜರಿಯಲ್ಲೂ ಸೇರಿಕೊಳ್ಳಬಹುದು, ಕಾಗದವಿಲ್ಲದ ಬ್ಯಾಟರಿಯನ್ನು ಲಾರಿಯವರು ಹೇರಿಕೊಳ್ಳುವುದೂ ಕಷ್ಟ.

ಬಿಚ್ಚುವಾಗ ನಾನು ಅಲ್ಲಿಯೇ ನಿಂತೆ. ವೈರಿಂಗ್ ಕತ್ತರಿಸದೆ, ಪ್ರತಿ ಕನೆಕ್ಟರನ್ನು ಅದರ ಜೋಡಿಯೊಂದಿಗೆ ಬಿಡಿಸಿ, ಚೀಟಿ ಅಂಟಿಸಿ ಚೀಲಕ್ಕೆ ಹಾಕಿಸಿದೆ. ಒಂದು ಕನೆಕ್ಟರಿನ ಬೆಲೆ ಅಲ್ಪ. ಅದು ಬಿಡಿಯಾಗಿ ಮಾರುಕಟ್ಟೆಯಲ್ಲಿ ಸಿಗದೆ ಕೆಲಸವೇ ನಿಂತುಹೋಗುವುದು ಸಣ್ಣ ನಷ್ಟವಲ್ಲ. ಒಳಬದಿಯ ಸಿವಿ ಜಾಯಿಂಟ್ (ಶಾಫ್ಟ್ ಬಾಗಿಯೂ ತಿರುಗಲು ಬಿಡುವ ಕೀಲು) ಸಹಿತ ಎರಡೂ ಡ್ರೈವ್ ಶಾಫ್ಟ್, ಮೌಂಟಿಂಗ್ ಬ್ರಾಕೆಟ್ಟುಗಳು, ಕೂಲೆಂಟ್ ಪಂಪು ಮತ್ತು ರೇಡಿಯೇಟರ್, 12 ವೋಲ್ಟ್ ಒದಗಿಸುವ ಡಿಸಿ ಕನ್ವರ್ಟರ್, ಪೆಡಲ್, ಎಲ್ಲವೂ ಬಂದವು.

ಯೂನಿಟ್ ಬೈಕಂಪಾಡಿಗೆ ತಲುಪಿದಾಗ ಆಟಿಯ ಮಳೆ ಬಿಡದೆ ಸುರಿಯುತ್ತಿತ್ತು. ಇನ್ಸುಲೇಷನ್ ಪರೀಕ್ಷೆಗೆ ಇದರಷ್ಟು ಕೆಟ್ಟ ಕಾಲ ಇನ್ನೊಂದಿಲ್ಲ. ಇನ್ವರ್ಟರಿನ ಸಂಪರ್ಕವನ್ನು ಪೂರ್ಣವಾಗಿ ಬಿಡಿಸಿದ ಬಳಿಕವೇ ಮೆಗ್ಗರ್ (ಹೆಚ್ಚಿನ ವೋಲ್ಟೇಜ್ ಕೊಟ್ಟು ಇನ್ಸುಲೇಷನ್ ಅಳೆಯುವ ಮೀಟರ್) ಹಚ್ಚಬೇಕು, ಇಲ್ಲವಾದರೆ 500 ವೋಲ್ಟ್ ಅದರ ಒಳಗಿನ ಎಲೆಕ್ಟ್ರಾನಿಕ್ಸಿಗೆ ಹೊಡೆಯುತ್ತದೆ. ಫೇಸ್ ಟರ್ಮಿನಲ್ಲಿಗೂ ಮೋಟಾರಿನ ಮೈಗೂ ನಡುವೆ ನಮಗೆ ಬಂದ ಮೊದಲ ಓದು 20 ಮೆಗಾಓಮಿನ ಆಸುಪಾಸು. ಸುರಕ್ಷತೆಯ ಮಾನದಂಡ ಕೇಳುವುದು ಎಸಿ ಭಾಗಕ್ಕೆ ಪ್ರತಿ ವೋಲ್ಟಿಗೆ 500 ಓಮ್, ಅಂದರೆ 320 ವೋಲ್ಟಿಗೆ 0.16 ಮೆಗಾಓಮ್ ಮಾತ್ರ; ಆ ಲೆಕ್ಕದಲ್ಲಿ 20 ಧಾರಾಳ. ಆದರೆ ಮಾನದಂಡದ ಸಂಖ್ಯೆ ಅಪಾಯದ ಗಡಿಯನ್ನು ತೋರಿಸುತ್ತದೆಯೇ ಹೊರತು ಮೋಟಾರಿನ ಆರೋಗ್ಯವನ್ನು ತೋರಿಸುವುದಿಲ್ಲ. ತಾಮ್ರದ ಸುರುಳಿಗಳ ಮೇಲೆ ಕುಳಿತ ತೇವವೋ ನಿಜವಾದ ಸೋರಿಕೆಯೋ ಎಂದು ತಿಳಿಯಲು ಟಾರ್ಪಾಲಿನ ಗೂಡು ಕಟ್ಟಿ, ಒಳಗೆ ಬಲ್ಬುಗಳನ್ನು ಉರಿಸಿ ಬೆಚ್ಚಗಿಟ್ಟು, ಪೂರ್ತಿ ತಣಿದ ಮೇಲೆ ಮತ್ತೆ ಅಳೆದಾಗ ಮೆಗ್ಗರ್ 500 ಮೆಗಾಓಮ್ ದಾಟಿತು. ಮೂರೂ ಫೇಸ್‌ಗಳು ಮೋಟಾರಿನೊಳಗೆ ಒಂದೇ ಬಿಂದುವಿನಲ್ಲಿ ಕೂಡುವುದರಿಂದ ಒಂದು ಓದೇ ಎಲ್ಲಕ್ಕೂ ಸಾಕು. ಫೇಸ್‌ಗಳ ನಡುವಿನ ರೋಧ ಮಿಲಿಓಮ್‌ಗಳಲ್ಲಿರುವುದರಿಂದ ಸಾಮಾನ್ಯ ಮಲ್ಟಿಮೀಟರ್ ಅಲ್ಲಿ ಕೆಲಸಕ್ಕೆ ಬಾರದು. ನಾಲ್ಕು ತಂತಿಯ ಮಿಲಿಓಮ್ ಮೀಟರನ್ನು ಎರವಲು ತಂದು ಮೂರು ಜೋಡಿಗಳೂ ಸಮವೆಂದು ಖಚಿತಪಡಿಸಿಕೊಂಡೆವು.

ಅಯಸ್ಕಾಂತಗಳು ಬಲ ಕಳೆದುಕೊಂಡಿವೆಯೇ ಎಂಬುದನ್ನು ಪರೀಕ್ಷಿಸುವುದು ನನಗೆ ಅತ್ಯಂತ ಇಷ್ಟವಾದ ಭಾಗ. ಅತಿಯಾದ ಬಿಸಿಯಾದರೆ ಶಾಶ್ವತ ಅಯಸ್ಕಾಂತವೂ ಶಾಶ್ವತವಾಗಿ ಸೊರಗುತ್ತದೆ. ಗೇರ್‌ಬಾಕ್ಸಿನ ಒಂದು ಬದಿಯ ಹೊರಶಾಫ್ಟನ್ನು ಅಲುಗದಂತೆ ಕಟ್ಟಿ, ಇನ್ನೊಂದನ್ನು ನಿಧಾನವಾದ ಶಕ್ತಿಶಾಲಿ ಡ್ರಿಲ್ಲಿನಿಂದ ತಿರುಗಿಸಿದೆವು. ಒಂದು ಬದಿ ನಿಂತಾಗ ಡಿಫರೆನ್ಶಿಯಲ್ಲಿನ ಇನ್ನೊಂದು ಬದಿ ಎರಡು ಪಟ್ಟು ವೇಗದಲ್ಲಿ ತಿರುಗುವುದರಿಂದ, ಡ್ರಿಲ್ಲಿನ ಒಂದು ಸುತ್ತಿಗೆ ಮೋಟಾರ್ ತಿರುಗುವುದು ಗೇರ್ ಅನುಪಾತದ ಅರ್ಧದಷ್ಟು ಸುತ್ತು. ಲೀಫ್‌ನ ಹಳೆಯ ಯೂನಿಟ್ಟಿಗಾದರೆ 3.97. ವೋಲ್ಟೇಜಿನ ಅಲೆಯನ್ನು ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪನ್ನು ಟರ್ಮಿನಲ್‌ಗಳಿಗೆ ಹಚ್ಚಿದಾಗ ಮೂರು ಅಲೆಗಳು ಒಂದೇ ಎತ್ತರದಲ್ಲಿ, ಸಮ ಅಂತರದಲ್ಲಿ ಎದ್ದವು. ಎತ್ತರ ಸಮವಾಗಿದ್ದು ನಯವಾಗಿದ್ದರೆ ಸುರುಳಿಗಳು ಸರಿ. ವೇಗ ಮತ್ತು ವೋಲ್ಟೇಜಿನ ಅನುಪಾತವನ್ನು ಬರೆದಿಟ್ಟುಕೊಂಡರೆ ಮುಂದೆ ಅದೇ ಮಾದರಿಯ ಇನ್ನೊಂದು ಯೂನಿಟ್ ಬಂದಾಗ ಹೋಲಿಸಲು ಆಗುತ್ತದೆ. ಇಲ್ಲೊಂದು ಎಚ್ಚರಿಕೆ ಹೇಳಬೇಕು. ಇಂತಹ ಮೋಟಾರ್ ತಿರುಗಿದಾಗಲೆಲ್ಲ ವಿದ್ಯುತ್ ಹುಟ್ಟುತ್ತದೆ, ಬ್ಯಾಟರಿ ಇಲ್ಲದಿದ್ದರೂ ಹುಟ್ಟುತ್ತದೆ. ವೇಗ ಹೆಚ್ಚಿದರೆ ಅದು ಪ್ರಾಣ ತೆಗೆಯಬಲ್ಲುದು. ಇನ್ವರ್ಟರಿನ ಕೆಪಾಸಿಟರ್ ಕೂಡ ಬ್ಯಾಟರಿ ಬಿಡಿಸಿದ ಬಳಿಕ ಕೆಲಹೊತ್ತು ಚಾರ್ಜ್ ಹಿಡಿದಿರುತ್ತದೆ. 1000 ವೋಲ್ಟಿನ ಕೈಗವಸು ತೊಟ್ಟು, ಸೂಕ್ತ ದರ್ಜೆಯ ಮೀಟರಿನಿಂದ ಸೊನ್ನೆಯೆಂದು ನೋಡದೆ ನಮ್ಮಲ್ಲಿ ಯಾರೂ ಕೈಯಿಡುವಂತಿಲ್ಲ.

ಅದೇ ಹೊತ್ತಿಗೆ ರಿಸಾಲ್ವರನ್ನೂ ನೋಡಿದೆವು. ರೋಟರ್ ಯಾವ ಕೋನದಲ್ಲಿದೆಯೆಂದು ಇನ್ವರ್ಟರಿಗೆ ಹೇಳುವ ಈ ಸೆನ್ಸರಿಗೆ ಆರು ತಂತಿಗಳು: ಪ್ರಚೋದನೆಗೆ ಒಂದು ಜೋಡಿ, ಸೈನ್ ಮತ್ತು ಕೊಸೈನಿಗೆ ಒಂದೊಂದು ಜೋಡಿ. ಕೊನೆಯ ಎರಡು ಜೋಡಿಗಳ ರೋಧ ಬಹುಮಟ್ಟಿಗೆ ಸಮವಾಗಿರಬೇಕು, ಯಾವುದೂ ಮೈಗೆ ತಾಗಿರಬಾರದು. ಮೋಟಾರ್ ಒಂದು ಕಾರಿನದು, ಇನ್ವರ್ಟರ್ ಇನ್ನೊಂದರದು ಆದಾಗ ಹೆಚ್ಚು ಕಾಡುವುದು ಇದೇ. ರಿಸಾಲ್ವರಿನ ಸೊನ್ನೆ ಕೋನಕ್ಕೂ ಅಯಸ್ಕಾಂತದ ಕೋನಕ್ಕೂ ಇರುವ ಅಂತರ ಇನ್ವರ್ಟರಿನ ನೆನಪಿನಲ್ಲಿ ಬರೆದಿರುತ್ತದೆ, ಬೇರೆ ಮೋಟಾರ್ ಬಂದರೆ ಅದನ್ನು ಮತ್ತೆ ಕಲಿಸಬೇಕು. ಕಲಿಸದಿದ್ದರೆ ಮೋಟಾರ್ ನಡುಗಬಹುದು, ಬಲವಿಲ್ಲದೆ ಬಿಸಿಯಾಗಬಹುದು. ಅನೇಕರು ಮೋಟಾರ್ ಕೆಟ್ಟಿದೆಯೆಂದು ಹಿಂದಿರುಗಿಸುವುದು ಈ ಕಾರಣಕ್ಕೇ ಎಂದು ನಾನು ಭಾವಿಸುತ್ತೇನೆ. ಮೋಟಾರಿನೊಳಗಿನ ಉಷ್ಣಾಂಶದ ಸೆನ್ಸರಿಗೂ ಇದೇ ಮಾತು. ಅದರ ಬಗೆ ಬೇರೆಯಾದರೆ ತಣ್ಣಗಿರುವ ಮೋಟಾರನ್ನು ಇನ್ವರ್ಟರ್ ಸುಡುತ್ತಿದೆಯೆಂದು ತಿಳಿದು ಶಕ್ತಿ ಕಡಿತಗೊಳಿಸುತ್ತದೆ.

ಗೇರ್ ಆಯಿಲ್ ಜೇನುಬಣ್ಣದಲ್ಲಿತ್ತು. ಪ್ಲಗ್ಗಿನ ಅಯಸ್ಕಾಂತದ ಮೇಲೆ ಬೆರಳಿಗೆ ನಯವಾಗಿ ಹತ್ತುವ ಬೂದು ಹುಡಿ ಬಿಟ್ಟರೆ ಚಕ್ಕೆಗಳಿರಲಿಲ್ಲ. ಕೂಲೆಂಟ್ ದಾರಿಗೆ ಸೈಕಲ್ ಪಂಪಿನಿಂದ ಸಣ್ಣ ಒತ್ತಡ ಕೊಟ್ಟು ರಾತ್ರಿಯಿಡೀ ಬಿಟ್ಟಾಗ ಗೇಜ್ ಇಳಿಯಲಿಲ್ಲ. ಉಳಿದ ಹಣವನ್ನು ಆಗ ಪಾವತಿಸಿದೆವು.

ಝೆನ್‌ಗೆ ಕೂರಿಸುವ ಕೆಲಸದಲ್ಲಿ ಮೆಕ್ಯಾನಿಕ್ಕುಗಳಿಗೆ ಹೊಸದೇನೂ ಇಲ್ಲ, ಆದರೂ ಡ್ರೈವ್ ಶಾಫ್ಟಿನ ವಿಷಯ ಹೇಳಬೇಕು. ಯೂನಿಟ್ಟಿನ ಕಡೆಯ ಸ್ಪ್ಲೈನ್ (ಶಾಫ್ಟಿನ ತುದಿಯ ಉದ್ದುದ್ದ ಹಲ್ಲುಗಳು) ಅದರದೇ, ಚಕ್ರದ ಕಡೆಯ ಸ್ಪ್ಲೈನ್ ಝೆನ್‌ನದು. ಹಲ್ಲುಗಳ ಸಂಖ್ಯೆಯೂ ವ್ಯಾಸವೂ ಬೇರೆ. ಒಂದು ಹಲ್ಲಿಗೆ ಬಣ್ಣ ಹಚ್ಚಿ ಎಣಿಸಿ, ವರ್ನಿಯರ್‌ನಿಂದ ವ್ಯಾಸ ಅಳೆದು, ಒಳಗೆ ನೆಕ್ಸಾನಿನ ಜಾಯಿಂಟ್, ಹೊರಗೆ ಝೆನ್‌ನ ಜಾಯಿಂಟ್ ಕೂರುವಂತೆ ನಡುವಿನ ಶಾಫ್ಟನ್ನು ಮಿಶ್ರಲೋಹದ ಉಕ್ಕಿನಲ್ಲಿ ಹೊಸದಾಗಿ ಕಡೆಸಿ, ಹದ ಕೊಡಿಸಿದೆವು. ಎರಡು ಶಾಫ್ಟನ್ನು ಕತ್ತರಿಸಿ ವೆಲ್ಡ್ ಮಾಡಿ ಕೂಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಎಲೆಕ್ಟ್ರಿಕ್ ಮೋಟಾರ್ ನಿಂತಲ್ಲಿಂದಲೇ ಪೂರ್ಣ ಟಾರ್ಕ್ ಕೊಡುತ್ತದೆ. ಝೆನ್ ಎಂಟುನೂರು ಕಿಲೋಗ್ರಾಂಗಿಂತ ಕಡಿಮೆ ತೂಕದ ಕಾರು. ಅದರ 13 ಇಂಚಿನ ಚಕ್ರ ನೆಕ್ಸಾನಿನ 16 ಇಂಚಿನದಕ್ಕಿಂತ ಸುತ್ತಳತೆಯಲ್ಲಿ ಸುಮಾರು ಐದರಲ್ಲಿ ಒಂದು ಭಾಗ ಚಿಕ್ಕದಾದ್ದರಿಂದ ನೆಲದ ಮೇಲಿನ ಎಳೆತ ಸುಮಾರು ನಾಲ್ಕರಲ್ಲಿ ಒಂದು ಭಾಗ ಹೆಚ್ಚುತ್ತದೆ. ಪೆಡಲಿನ ಸಂಕೇತಕ್ಕೆ ಮಿತಿ ಹಾಕಿ ಟಾರ್ಕನ್ನು ಮೂರನೇ ಒಂದಕ್ಕೆ ಇಳಿಸಿಟ್ಟಿದ್ದೇವೆ. ಯೂನಿಟ್ಟನ್ನು ಮೂಲ ಕಾರಿನಲ್ಲಿದ್ದ ಕೋನದಲ್ಲೇ ಕೂರಿಸಿದ್ದೇವೆ, ವಾಲಿಸಿದರೆ ಎಣ್ಣೆಯ ಮಟ್ಟವೂ ಬ್ರೀದರಿನ ಸ್ಥಾನವೂ ಕೆಡುತ್ತವೆ. ಎಂಜಿನ್ ಹೋದುದರಿಂದ ಬ್ರೇಕ್ ಬೂಸ್ಟರಿಗೆ ನಿರ್ವಾತವಿಲ್ಲ. ಅದಕ್ಕೊಂದು ಎಲೆಕ್ಟ್ರಿಕ್ ಪಂಪು ಸೇರಿಸಿದೆವು.

ಮೇಜಿನ ಮೇಲೆ ಇಡೀ ವ್ಯವಸ್ಥೆಯನ್ನು ಹರಡಿ ಜೋಡಿಸಿದಾಗ ಮೊದಲು ಕಾಂಟ್ಯಾಕ್ಟರ್ ಮುಚ್ಚಲಿಲ್ಲ. ಹೈ ವೋಲ್ಟೇಜ್ ಕನೆಕ್ಟರುಗಳೆಲ್ಲ ಕೂಡಿವೆಯೇ ಎಂದು ಸಣ್ಣ ತಂತಿಯೊಂದರ ಮೂಲಕ ಕಾರು ನಿರಂತರವಾಗಿ ನೋಡುತ್ತಿರುತ್ತದೆ, ಇಂಟರ್‌ಲಾಕ್ ಎನ್ನುತ್ತಾರೆ. ಆ ಸರಣಿ ನಾವು ತರದೆ ಬಿಟ್ಟಿದ್ದ ಕ್ಯಾಬಿನ್ ಹೀಟರಿನ ಕನೆಕ್ಟರಿನಲ್ಲಿ ಕಡಿದಿತ್ತು. ತೋಟದ ಗಾಡಿಗೆ ಹೀಟರ್ ಬೇಕಿಲ್ಲವಾದರೂ, ಕನೆಕ್ಟರಿನ ಹೈ ವೋಲ್ಟೇಜ್ ಪಿನ್ನುಗಳನ್ನು ಮುಚ್ಚಿ ಸೀಲ್ ಮಾಡಿ, ಇಂಟರ್‌ಲಾಕಿನ ಎರಡು ಪಿನ್ನುಗಳನ್ನು ಮಾತ್ರ ಕೂಡಿಸಿದಾಗ, ಇನ್ವರ್ಟರಿನ ಕೆಪಾಸಿಟರನ್ನು ಮೊದಲು ನಿಧಾನವಾಗಿ ತುಂಬಿಸುವ ಪ್ರೀಚಾರ್ಜ್ ರಿಲೇ ಟಕ್ಕೆಂದಿತು, ಸ್ವಲ್ಪ ಹೊತ್ತಿಗೆ ಮುಖ್ಯ ಕಾಂಟ್ಯಾಕ್ಟರ್ ಮುಚ್ಚಿತು, ಪೆಡಲನ್ನು ಒತ್ತಿದಂತೆ ಹೊರಶಾಫ್ಟ್‌ಗಳು ತಿರುಗಿದವು. ಎಬಿಎಸ್ ಘಟಕ ಇಲ್ಲದ್ದರಿಂದ ಚಕ್ರದ ವೇಗದ ಸಂದೇಶ ಬಾರದೆ ವೆಹಿಕಲ್ ಕಂಟ್ರೋಲರ್ ಈಗ ಸೀಮಿತ ವೇಗಕ್ಕಷ್ಟೇ ಅವಕಾಶ ಕೊಡುತ್ತಿದೆ. ತೋಟದ ದಾರಿಗೆ ಆ ವೇಗ ಸಾಕಾದ್ದರಿಂದ ಅದನ್ನು ಹಾಗೆಯೇ ಬಿಟ್ಟಿದ್ದೇವೆ. ಮುಂದಿನ ಕೆಲಸ ಬ್ಯಾಟರಿಯನ್ನು ಝೆನ್‌ನ ಹಿಂಭಾಗದಲ್ಲಿ ಉಕ್ಕಿನ ಚೌಕಟ್ಟಿನೊಳಗೆ, ಮಳೆನೀರು ತಾಗದ ಎತ್ತರದಲ್ಲಿ ಭದ್ರಪಡಿಸುವುದು.